ಕುದುರೆಯ ಬಾಲದ ಬಣ್ಣ: ಕದ್ರು-ವಿನತೆಯರ ಕಥೆಗೆ ಹೊಸಬರಿಗೊಂದು ಪ್ರವೇಶ

ಸಮುದ್ರ ಕಡೆದಾಗ ಹುಟ್ಟಿದ ಕುದುರೆಯೊಂದಿದೆ. ಹೆಸರು ಉಚ್ಚೈಃಶ್ರವ. ಅದರ ಬಣ್ಣ ಯಾವುದು ಎಂದು ಒಡಹುಟ್ಟಿದ ಹೆಣ್ಣುಮಕ್ಕಳಿಬ್ಬರು ಪಂತ ಕಟ್ಟುತ್ತಾರೆ. ಇಡೀ ಕುದುರೆ ಬಿಳಿ ಅನ್ನುತ್ತಾಳೆ ಒಬ್ಬಳು. ಮೈಯೇನೋ ಬಿಳಿ, ಬಾಲ ಮಾತ್ರ ಕಪ್ಪು ಅನ್ನುತ್ತಾಳೆ ಇನ್ನೊಬ್ಬಳು. ಸೋತವಳು ಗೆದ್ದವಳಿಗೆ ದಾಸಿಯಾಗಬೇಕು. ಹೊತ್ತು ಮುಳುಗಿದೆ, ನಾಳೆ ಬೆಳಗ್ಗೆ ಹೋಗಿ ನೋಡೋಣ ಎಂದು ಇಬ್ಬರೂ ಮನೆಗೆ ಹೋಗುತ್ತಾರೆ.

ಮಹಾಭಾರತವನ್ನು ಎಲ್ಲಿಂದ ಶುರುಮಾಡಲಿ ಎಂದು ಯಾರಾದರೂ ಕೇಳಿದರೆ, ಈ ಕುದುರೆಯ ಬಾಲದಿಂದ ಶುರುಮಾಡಿ ಎನ್ನುತ್ತೇನೆ. ಪಾಂಡವರಿಂದಲ್ಲ, ಭೀಷ್ಮನ ಪ್ರತಿಜ್ಞೆಯಿಂದಲೂ ಅಲ್ಲ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಗರುಡನ ಕಥೆಯನ್ನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದವರೂ ಅದು ಭಾರತದೊಳಗಿನದು ಎಂದು ಮರೆತಿರುತ್ತಾರೆ. ಸಂಗ್ರಹ ಭಾರತಗಳಲ್ಲಿ ಇದನ್ನು ಬಿಡುವುದು ರೂಢಿ, ಬಿಟ್ಟರೂ ಮುಖ್ಯ ಕಥೆ ಓಡುತ್ತದೆ. ಆದರೆ ನನ್ನ ಅನುಭವದಲ್ಲಿ, ಈ ಕಥೆಯನ್ನು ಮೊದಲು ಓದಿಕೊಂಡವರು ಮುಂದಿನ ಭಾರತವನ್ನು ಓದುವ ರೀತಿಯೇ ಬೇರೆ. ಯಾಕೆಂದು ನಿಧಾನವಾಗಿ ಹೇಳುತ್ತೇನೆ, ಅವಸರ ಬೇಡ. ಅವಸರ ಮಾಡಿದರೆ ಏನಾಗುತ್ತದೆ ಎಂಬುದೂ ಈ ಕಥೆಯಲ್ಲೇ ಇದೆ.

ಡ್ರ್ಯಾಗನ್‌ಗಳಿರುವ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಓದುವ ಹುಡುಗ ಹುಡುಗಿಯರು ನನ್ನ ತರಗತಿಯಲ್ಲಿ ಇದ್ದೇ ಇರುತ್ತಾರೆ. ಅದನ್ನೆಲ್ಲ ಬಿಟ್ಟು ಇದನ್ನು ಓದಿ ಎಂದು ನಾನು ಅವರಿಗೆ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಅವರೇ ಈ ಕಥೆಗೆ ಹೆಚ್ಚು ತಯಾರಾಗಿ ಬಂದಿರುತ್ತಾರೆ. ಮೊಟ್ಟೆಯೊಡೆದು ಬೆಂಕಿಯಂತೆ ಹೊರಬರುವ ಹಕ್ಕಿ, ಮಾತಾಡುವ ಸರ್ಪಗಳು, ನೂರಾರು ವರ್ಷ ಕಾಯುವ ಶಾಪ, ಇವು ಯಾವುವೂ ಅವರಿಗೆ ಹೊಸತಲ್ಲ. ಭೈರಪ್ಪನವರು ‘ಪರ್ವ’ದಲ್ಲಿ ಮಾಡಿದಂತೆ ಅತಿಮಾನುಷವನ್ನೆಲ್ಲ ತೆಗೆದು ಭಾರತವನ್ನು ಮನುಷ್ಯರ ಕಥೆಯಾಗಿ ನೋಡುವುದು ಒಂದು ದೊಡ್ಡ ದಾರಿ. ಈ ಭಾಗಕ್ಕೆ ಆ ದಾರಿಯಿಲ್ಲ. ಹಾವು ಮತ್ತು ಹಕ್ಕಿಯನ್ನು ತೆಗೆದರೆ ಇಲ್ಲಿ ಉಳಿಯುವುದೇನೂ ಇಲ್ಲ.

ಮೊದಲು ಇದು ಪುಸ್ತಕದಲ್ಲಿ ಎಲ್ಲಿದೆ ಎಂದು ನೋಡೋಣ. ಆದಿಪರ್ವದ ಆರಂಭದಲ್ಲೇ ಬರುವ ಆಸ್ತೀಕ ಪರ್ವ ಎಂಬ ಉಪಪರ್ವ ಇದರ ಮನೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಇದು 13ನೆಯ ಅಧ್ಯಾಯದಿಂದ 53ನೆಯದರವರೆಗೆ ಹಬ್ಬಿದೆ. ವಿ. ಎಸ್. ಸುಕ್ಥಣಕರ್ ಅವರು ಸಂಪಾದಿಸಿದ ಆ ಆದಿಪರ್ವ ಪೂರ್ಣಗೊಂಡದ್ದು 1933ರಲ್ಲಿ. ಕನ್ನಡದಲ್ಲಿ ಓದುವವರಿಗೆ ಭಾರತ ದರ್ಶನ ಪ್ರಕಾಶನದ ಸಂಪುಟಗಳಿವೆ. ಶ್ಲೋಕವೂ ಅನುವಾದವೂ ಒಟ್ಟಿಗೇ ಸಿಗುತ್ತವೆ. ಮೊದಲ ಸಂಪುಟ ಒಂದಿದ್ದರೆ ಸದ್ಯಕ್ಕೆ ಸಾಕು.

ಹೊಸಬರು ಎಡವುವ ಮೊದಲ ಜಾಗ, ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು. ನೈಮಿಷಾರಣ್ಯದಲ್ಲಿ ಶೌನಕರು 12 ವರ್ಷಗಳ ಸತ್ರ ಮಾಡುತ್ತಿದ್ದಾರೆ. ಅಲ್ಲಿಗೆ ಉಗ್ರಶ್ರವಸ್ಸು ಎಂಬ ಸೂತ ಬರುತ್ತಾನೆ, ಸೌತಿ ಎಂದೂ ಅವನಿಗೆ ಹೆಸರು. ಅವನು ಜನಮೇಜಯನ ಸರ್ಪಯಾಗಕ್ಕೆ ಹೋಗಿದ್ದವನು. ಆ ಯಾಗದಲ್ಲಿ ವ್ಯಾಸರ ಎದುರಿನಲ್ಲೇ ವೈಶಂಪಾಯನರು ಅರಸನಿಗೆ ಭಾರತವನ್ನು ಹೇಳಿದ್ದರು. ಸೌತಿ ಅದನ್ನು ಕೇಳಿಕೊಂಡು ಬಂದಿದ್ದಾನೆ. ಅಂದರೆ ಭಾರತದ ಕಥೆ ರಾಜಸಭೆಯಲ್ಲಿ ಮೊದಲು ಹೇಳಲ್ಪಟ್ಟದ್ದು ಹಾವುಗಳನ್ನು ಸುಡುತ್ತಿದ್ದ ಬೆಂಕಿಯ ಪಕ್ಕದಲ್ಲಿ. ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಆ ಬೆಂಕಿ ಯಾಕೆ? ಜನಮೇಜಯನನ್ನು ಕೇಳಿದರೆ, ನನ್ನ ತಂದೆ ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಂದ, ಅದಕ್ಕೆ ಎನ್ನುತ್ತಾನೆ. ಅದು ನಿಜವೇ. ಆದರೆ ಜನಮೇಜಯ ಹುಟ್ಟುವುದಕ್ಕೆ ಎಷ್ಟೋ ಯುಗ ಮೊದಲೇ ಒಬ್ಬ ತಾಯಿ ತನ್ನ ಮಕ್ಕಳಿಗೆ, ನೀವು ಜನಮೇಜಯನ ಯಾಗದಲ್ಲಿ ಉರಿದು ಹೋಗಿ ಎಂದು ಶಪಿಸಿ ಆಗಿತ್ತು. ಆ ತಾಯಿ ಕದ್ರು. ಶಾಪ ಕೊಟ್ಟದ್ದು ಕುದುರೆಯ ಬಾಲಕ್ಕಾಗಿ. ಅವಳ ಪಂತವಿಲ್ಲದಿದ್ದರೆ ಶಾಪವಿಲ್ಲ, ಶಾಪವಿಲ್ಲದಿದ್ದರೆ ಆ ಯಾಗವಿಲ್ಲ, ಯಾಗದ ಬಿಡುವಿನಲ್ಲಿ ಹೇಳಿದ ಭಾರತವೂ ಇಲ್ಲ. ಹದಿನೆಂಟು ಪರ್ವಗಳ ಬಾಗಿಲಿನ ಕೀಲು ಇಬ್ಬರು ಹೆಣ್ಣುಮಕ್ಕಳ ಜಗಳದಲ್ಲಿದೆ.

ಈಗ ಕಥೆಗೆ ಬರೋಣ.

ಕದ್ರು ಮತ್ತು ವಿನತೆ ದಕ್ಷ ಪ್ರಜಾಪತಿಯ ಮಕ್ಕಳು. ಇಬ್ಬರನ್ನೂ ಮದುವೆಯಾದವನು ಕಶ್ಯಪ. ಹೀಗಾಗಿ ಅವರು ಒಡಹುಟ್ಟಿದವರೂ ಹೌದು, ಸವತಿಯರೂ ಹೌದು. ಕಶ್ಯಪ ಪ್ರಸನ್ನನಾಗಿ ವರ ಕೇಳಿ ಎಂದಾಗ ಕದ್ರು, ಸಮಾನ ತೇಜಸ್ಸಿನ 1,000 ನಾಗಪುತ್ರರು ಬೇಕು ಎನ್ನುತ್ತಾಳೆ. ವಿನತೆಗೆ ಇಬ್ಬರೇ ಸಾಕು, ಆದರೆ ಆ ಇಬ್ಬರು ಕದ್ರುವಿನ ಮಕ್ಕಳಿಗಿಂತ ಬಲದಲ್ಲೂ ತೇಜಸ್ಸಿನಲ್ಲೂ ಹೆಚ್ಚಿನವರಾಗಿರಬೇಕು. ಇಲ್ಲಿ ಒಂದು ಕ್ಷಣ ನಿಲ್ಲಿ. ವಿನತೆ ಒಳ್ಳೆಯವಳು, ಕದ್ರು ಕೆಟ್ಟವಳು ಎಂದು ನಾವು ಕೇಳಿ ಬೆಳೆದಿದ್ದೇವೆ. ಆದರೆ ತನ್ನ ವರವನ್ನು ಇನ್ನೊಬ್ಬಳ ಮಕ್ಕಳ ಜೊತೆ ತೂಗಿ ಕೇಳಿದವಳು ವಿನತೆ. ತಕ್ಕಡಿಯನ್ನು ಮೊದಲು ಎತ್ತಿದ್ದು ಅವಳ ಕೈ.

ಇಬ್ಬರೂ ಮೊಟ್ಟೆಯಿಟ್ಟರು. ದಾಸಿಯರು ಆ ಮೊಟ್ಟೆಗಳನ್ನು ಬೆಚ್ಚಗಿನ ಪಾತ್ರೆಗಳಲ್ಲಿ ಇರಿಸಿದರು. 500 ವರ್ಷ ಕಳೆಯಿತು. ಕದ್ರುವಿನ ಸಾವಿರ ಮೊಟ್ಟೆಗಳೂ ಒಡೆದು ನಾಗಗಳು ಹೊರಬಂದವು. ವಿನತೆಯ ಎರಡು ಮೊಟ್ಟೆಗಳು ಹಾಗೇ ಇದ್ದವು. ಪಕ್ಕದ ಮನೆಯ ಅಂಗಳದಲ್ಲಿ ಸಾವಿರ ಮಕ್ಕಳು ಹರಿದಾಡುತ್ತಿವೆ, ನನ್ನ ಮನೆಯಲ್ಲಿ ಸದ್ದಿಲ್ಲ. ಅವಳಿಗೆ ಆದದ್ದು ಹೊಟ್ಟೆಕಿಚ್ಚು ಎಂದು ಮೂಲ ಹೇಳುವುದಿಲ್ಲ, ನಾಚಿಕೆ ಎನ್ನುತ್ತದೆ. ಆ ನಾಚಿಕೆಯಲ್ಲಿ ಅವಳು ಒಂದು ಮೊಟ್ಟೆಯನ್ನು ಒಡೆದುಬಿಟ್ಟಳು.

ಒಳಗೆ ಮಗನಿದ್ದ. ಸೊಂಟದ ಮೇಲಿನ ಮೈ ಪೂರ್ಣವಾಗಿತ್ತು, ಕೆಳಗಿನದು ಇನ್ನೂ ಮೂಡಿರಲಿಲ್ಲ. ಅವನು ಅರುಣ. ಕಣ್ಣು ಬಿಟ್ಟವನೇ ತಾಯಿಗೆ ಶಾಪ ಕೊಟ್ಟ: ಯಾರ ಮೇಲಿನ ಸ್ಪರ್ಧೆಗೆ ನನ್ನನ್ನು ಹೀಗೆ ಅರ್ಧದಲ್ಲಿ ಹೊರಗೆ ತೆಗೆದೆಯೋ ಅವಳಿಗೇ 500 ವರ್ಷ ದಾಸಿಯಾಗಿರು. ಇನ್ನೊಂದು ಮೊಟ್ಟೆಯನ್ನಾದರೂ ಮುಟ್ಟದೆ ಕಾದರೆ, ಅದರೊಳಗಿನ ಮಗ ನಿನ್ನನ್ನು ಬಿಡಿಸುತ್ತಾನೆ. ಹೀಗೆ ಹೇಳಿ ಅವನು ಆಕಾಶಕ್ಕೆ ಏರಿ ಸೂರ್ಯನ ಸಾರಥಿಯಾದ. ಮುಂಜಾನೆಯ ಕೆಂಪು ಅಂದರೆ ಅವನೇ. ಕಾಲಿಲ್ಲದ ಆ ಸಾರಥಿ ದಿನವೂ ಸೂರ್ಯನಿಗಿಂತ ಮುಂಚೆ ಕಾಣಿಸಿಕೊಳ್ಳುತ್ತಾನೆ. ತರಗತಿಯಲ್ಲಿ ಈ ಭಾಗ ಹೇಳುವಾಗ ನನ್ನ ದನಿ ಪ್ರತಿ ಸಲ ತಗ್ಗುತ್ತದೆ. ಶಾಪ ಕೊಟ್ಟ ಉಸಿರಿನಲ್ಲೇ ಬಿಡುಗಡೆಯ ದಾರಿಯನ್ನೂ ಹೇಳಿ ಹೋದ ಮಗ ಅವನು.

ಈಗ ಪುಸ್ತಕವನ್ನು ಸ್ವಲ್ಪ ಮುಂದೆ ತಿರುಗಿಸಿ, ಗಾಂಧಾರಿಯ ಹೆರಿಗೆಯ ಭಾಗಕ್ಕೆ ಹೋಗಿ. ಎರಡು ವರ್ಷ ಗರ್ಭ ಹೊತ್ತ ಗಾಂಧಾರಿ, ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ತಾಳಲಾರದೆ ಹೊಟ್ಟೆಯನ್ನು ಬಡಿದುಕೊಳ್ಳುತ್ತಾಳೆ. ಮಾಂಸದ ಗಡ್ಡೆಯೊಂದು ಕೆಳಗೆ ಬೀಳುತ್ತದೆ. ವ್ಯಾಸರು ಅದನ್ನು ಪಾಲು ಮಾಡಿ ತುಪ್ಪದ ಕೊಡಗಳಲ್ಲಿ ಇರಿಸುತ್ತಾರೆ. ಅದರಿಂದ 100 ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ಕೊಡ, ಕಾಯುವಿಕೆ, ಇನ್ನೊಬ್ಬಳ ಮಕ್ಕಳ ಸುದ್ದಿ, ತಾಳ್ಮೆ ತಪ್ಪಿದ ಕೈ, ಎಲ್ಲವೂ ಮತ್ತೆ ಬಂದವು. ಒಂದೆಡೆ ಮಕ್ಕಳ ಹಿಂಡು, ಇನ್ನೊಂದೆಡೆ ಎಣಿಕೆಯಲ್ಲಿ ಕಡಿಮೆ, ಬಲದಲ್ಲಿ ಹೆಚ್ಚು. ಹೋಲಿಕೆ ಕನ್ನಡಿಯಲ್ಲಿ ಕಂಡಷ್ಟು ನೇರವಾಗಿಲ್ಲ. ಅಲ್ಲಿ ತಾಳ್ಮೆ ಕಳೆದುಕೊಂಡದ್ದು ನೂರು ಮಕ್ಕಳ ತಾಯಿ, ಇಲ್ಲಿ ಇಬ್ಬರ ತಾಯಿ. ಹಾಗಿದ್ದರೂ ಅದೇ ಬೀಜ ಎಂದು ನನಗೆ ಖಚಿತ. ಕದ್ರು-ವಿನತೆಯರನ್ನು ಮೊದಲು ಓದಿದವರಿಗೆ ಗಾಂಧಾರಿಯ ಹೊಟ್ಟೆಯ ಮೇಲಿನ ಆ ಹೊಡೆತ ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ.

ಪಂತದ ಸಂಜೆಗೆ ಹಿಂದಿರುಗೋಣ. ಮನೆಗೆ ಬಂದ ಕದ್ರು ತನ್ನ ಮಕ್ಕಳನ್ನು ಕರೆದು, ನೀವು ಕಪ್ಪು ಕೂದಲಾಗಿ ಆ ಕುದುರೆಯ ಬಾಲಕ್ಕೆ ಸೇರಿಕೊಳ್ಳಿ, ನಾನು ದಾಸಿಯಾಗದಂತೆ ನೋಡಿಕೊಳ್ಳಿ ಎನ್ನುತ್ತಾಳೆ. ಮೋಸಕ್ಕೆ ಹೊರಟ ಅವಳ ಬಾಯಲ್ಲಿ ಮೊದಲು ಬಂದದ್ದು ದಾಸ್ಯದ ಭಯ. ಒಪ್ಪದ ಮಕ್ಕಳಿಗೆ ಅವಳು ಕೊಟ್ಟದ್ದೇ ಸರ್ಪಯಾಗದ ಶಾಪ. ಬ್ರಹ್ಮನೂ ಆ ಶಾಪವನ್ನು ತಡೆಯಲಿಲ್ಲ. ಹಾವುಗಳು ಲೆಕ್ಕ ಮೀರಿ ಬೆಳೆದಿದ್ದವು, ವಿಷ ಕಡುವಾಗಿತ್ತು, ಉಳಿದ ಜೀವಿಗಳ ಹಿತಕ್ಕೆ ಇದು ಆಗಲಿ ಎಂದು ಅವನೂ ತಲೆಯಾಡಿಸಿದ. ಮರುದಿನ ಅಕ್ಕತಂಗಿಯರು ಸಮುದ್ರ ದಾಟಿ ಹೋಗಿ ನೋಡಿದರು. ಬೆಳದಿಂಗಳಿನಂಥ ಮೈ, ಬಾಲದಲ್ಲಿ ಕಪ್ಪು ಕೂದಲು. ವಿನತೆ ದಾಸಿಯಾದಳು.

ಎರಡು ಶಾಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮನೆಯಲ್ಲಿ ಮಗ ತಾಯಿಗೆ ಶಪಿಸಿದ, ಇನ್ನೊಂದು ಮನೆಯಲ್ಲಿ ತಾಯಿ ಮಕ್ಕಳಿಗೆ ಶಪಿಸಿದಳು. ಮಕ್ಕಳು ಎದುರಿನ ಮನೆಯ ಮಕ್ಕಳಿಗಿಂತ ಮೇಲಾಗಬೇಕೆಂಬ ಆಸೆ ಒಬ್ಬಳಿಂದ ಮೊಟ್ಟೆ ಒಡೆಸಿತು. ಮಕ್ಕಳು ತನ್ನ ಮಾತು ಮೀರಬಾರದೆಂಬ ಹಟ ಇನ್ನೊಬ್ಬಳ ಬಾಯಿಂದ ಬೆಂಕಿ ಉಗುಳಿಸಿತು. ಪಂತ, ಪಂತದಲ್ಲಿ ಮೋಸ, ಮೋಸದಿಂದ ದಾಸ್ಯ, ದಾಸ್ಯದಿಂದ ಬಿಡುಗಡೆಯ ಪ್ರಶ್ನೆ. ಈ ಸಾಲನ್ನು ಇನ್ನೆಲ್ಲಿ ಕಂಡಿದ್ದೇವೆ? ಹಸ್ತಿನಾವತಿಯ ಸಭೆಯಲ್ಲಿ, ದಾಳಗಳ ಮುಂದೆ. ದ್ರೌಪದಿ ದಾಸಿಯಾದಳೇ ಇಲ್ಲವೇ ಎಂದು ಹಿರಿಯರೆಲ್ಲ ತಲೆ ತಗ್ಗಿಸಿ ಕುಳಿತ ಸಭೆಯಲ್ಲಿ. ವ್ಯಾಸಭಾರತ ಅದನ್ನು ಹಾವು ಹಕ್ಕಿಗಳ ಲೋಕದಲ್ಲಿ ಒಮ್ಮೆ ಆಡಿಸಿ ನಮಗೆ ಮೊದಲೇ ತೋರಿಸಿಬಿಟ್ಟಿದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು ಈ ಅಡ್ಡದಾರಿಯಲ್ಲೇ ಇದೆ. ಈ ಇಬ್ಬರು ಹೆಣ್ಣುಮಕ್ಕಳು ಭಾರತಕ್ಕಿಂತ ಹಳಬರು. ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯಲ್ಲಿ ಕದ್ರು ಮತ್ತು ಸುಪರ್ಣಿ ಎಂಬಿಬ್ಬರು ತಮ್ಮ ರೂಪದ ವಿಷಯಕ್ಕೆ ಸ್ಪರ್ಧೆ ಹೂಡುತ್ತಾರೆ. ಕದ್ರು ಗೆಲ್ಲುತ್ತಾಳೆ. ಸ್ವರ್ಗದಿಂದ ಸೋಮವನ್ನು ತಂದುಕೊಟ್ಟು ನಿನ್ನನ್ನು ಬಿಡಿಸಿಕೋ ಎನ್ನುತ್ತಾಳೆ. ಕದ್ರು ಈ ಭೂಮಿ, ಸುಪರ್ಣಿ ಆ ಆಕಾಶ, ಸುಪರ್ಣಿಯ ಮಕ್ಕಳು ಛಂದಸ್ಸುಗಳು. ತಾಯಿಗಾಗಿ ಮೊದಲು ಹಾರಿದ್ದು ಜಗತೀ ಛಂದಸ್ಸು, ಎರಡಕ್ಷರ ಕಳೆದುಕೊಂಡು ಸೋಮವಿಲ್ಲದೆ ಬಂತು. ಆಮೇಲೆ ತ್ರಿಷ್ಟುಪ್, ಅದೂ ಎರಡಕ್ಷರ ಕಳೆದುಕೊಂಡು ಬಂತು. ಕೊನೆಗೆ ಹಾರಿದ್ದು ನಾಲ್ಕೇ ಅಕ್ಷರದ ಗಾಯತ್ರಿ. ಸೋಮವನ್ನೂ ತಂದಳು, ಅಕ್ಕಂದಿರು ಬೀಳಿಸಿಕೊಂಡಿದ್ದ ನಾಲ್ಕಕ್ಷರಗಳನ್ನೂ ಆರಿಸಿಕೊಂಡು ಬಂದಳು. ಗಾಯತ್ರಿಯ ಪಾದಕ್ಕೆ 8 ಅಕ್ಷರ ಯಾಕೆ, ಜಗತಿಗೆ 12, ತ್ರಿಷ್ಟುಪ್ಪಿಗೆ 11 ಯಾಕೆ ಎಂಬುದಕ್ಕೆ ಇದು ಆ ಕಾಲದ ಉತ್ತರ. ಛಂದಸ್ಸಿನ ಪಾಠ ಬೇಸರ ಎನ್ನುವ ಮಕ್ಕಳಿಗೆ ನಾನು ಈ ಹಕ್ಕಿಗಳ ಕಥೆ ಹೇಳುತ್ತೇನೆ. ಮಾತ್ರೆ, ಗಣ ಹಾಕುವುದು ಆಮೇಲೆ.

ಶತಪಥ ಬ್ರಾಹ್ಮಣದಲ್ಲಿ ಇದೇ ಕಥೆ ಇನ್ನೊಂದು ಬಗೆಯಲ್ಲಿದೆ. ಅಲ್ಲಿ ಪಂತ, ಯಾರ ಕಣ್ಣು ಹೆಚ್ಚು ದೂರ ನೋಡುತ್ತದೆ ಎಂಬುದರ ಮೇಲೆ. ಸುಪರ್ಣಿ, ಆಚೆ ದಡದಲ್ಲಿ ಕಂಬದ ಬಳಿ ಒಂದು ಬಿಳಿ ಕುದುರೆ ನಿಂತಿದೆ ಎನ್ನುತ್ತಾಳೆ. ಕದ್ರು, ನನಗೂ ಕಾಣುತ್ತಿದೆ, ಈಗ ತಾನೇ ಅದರ ಬಾಲ ಇಳಿಬಿದ್ದಿತ್ತು, ನೋಡು ಗಾಳಿ ಅದನ್ನು ಅಲುಗಿಸುತ್ತಿದೆ ಎನ್ನುತ್ತಾಳೆ. ಹೋಗಿ ನೋಡಿದರೆ ಹಾಗೆಯೇ ಇದೆ. ಇಲ್ಲಿ ಮೋಸವಿಲ್ಲ, ಕಪ್ಪು ಕೂದಲಿಲ್ಲ. ಒಬ್ಬಳು ಕುದುರೆಯನ್ನು ಕಂಡಳು, ಇನ್ನೊಬ್ಬಳು ಬಾಲದ ಅಲುಗಾಟವನ್ನೂ ಕಂಡಳು. ಈ ಹಳೆಯ ಕದ್ರು ನ್ಯಾಯವಾಗಿ ಗೆದ್ದವಳು. ಅದೇ ಗ್ರಂಥ ಸುಪರ್ಣಿಯನ್ನು ವಾಕ್ಕು ಎನ್ನುತ್ತದೆ, ಕದ್ರುವನ್ನು ಭೂಮಿ ಎನ್ನುತ್ತದೆ. ಮಾತಿಗಿಂತ ನೆಲಕ್ಕೆ ಹೆಚ್ಚು ಕಂಡಿತು ಎಂಬಂತೆ. ಕಾಲ ಕಳೆದಂತೆ ಕಥೆ ಕದ್ರುವಿನ ಆ ಚುರುಕು ಕಣ್ಣನ್ನು ಕಿತ್ತುಕೊಂಡು ಅವಳ ಕೈಗೆ ಮೋಸವನ್ನು ಕೊಟ್ಟಿತು. ಭಾರತದ ಕದ್ರುವಿನ ಮೇಲೆ ಸಿಟ್ಟು ಬಂದಾಗಲೆಲ್ಲ ಗಾಳಿಗೆ ಅಲುಗುವ ಆ ಬಾಲವನ್ನು ನೆನೆದುಕೊಳ್ಳಿ.

ಮತ್ತೆ ಭಾರತಕ್ಕೆ. ವಿನತೆ ಎರಡನೆಯ ಮೊಟ್ಟೆಯನ್ನು ಮುಟ್ಟಲಿಲ್ಲ. ಕಾಲ ತುಂಬಿದಾಗ ಗರುಡ ತಾನೇ ಒಡೆದುಕೊಂಡು ಬಂದ. ಎಂಥ ಬೆಳಕೆಂದರೆ, ದೇವತೆಗಳು ಅಗ್ನಿಯ ಬಳಿಗೆ ಓಡಿ, ನಮ್ಮನ್ನು ಸುಡಬೇಡ ಎಂದು ಬೇಡಿಕೊಂಡರು. ನಾನಲ್ಲ, ಅವನು ವಿನತೆಯ ಮಗ ಎಂದ ಅಗ್ನಿ. ಇಷ್ಟು ತೇಜಸ್ಸಿನ ಮಗ ಹುಟ್ಟಿ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಹೊರೆ ಹೊರುವುದು. ಕದ್ರು ನಾಗಗಳ ದ್ವೀಪ ನೋಡಬೇಕೆಂದಳು. ವಿನತೆ ಕದ್ರುವನ್ನು ಹೊತ್ತಳು, ಗರುಡ ಅವಳ ಮಕ್ಕಳನ್ನು ಹೊತ್ತ. ಅವನು ಸೂರ್ಯನ ಹತ್ತಿರಕ್ಕೇ ಹಾರಿದ, ಹಾವುಗಳು ಕಾವಿಗೆ ಮೂರ್ಛೆ ಹೋದವು. ಆಗ ಕದ್ರು ಇಂದ್ರನನ್ನು ಸ್ತುತಿಸಿ ಮಳೆ ತರಿಸಿದಳು. ಮಕ್ಕಳನ್ನು ಶಪಿಸಿದ ಅದೇ ನಾಲಿಗೆ ಮಕ್ಕಳ ಜೀವಕ್ಕೆ ಮಳೆ ಬೇಡಿತು. ದ್ವೀಪಕ್ಕೆ ಬಂದ ಮೇಲೂ ಹಾವುಗಳು, ಇನ್ನೊಂದು ಚೆಂದದ ಜಾಗಕ್ಕೆ ಕರೆದುಕೊಂಡು ಹೋಗು ಎಂದು ಗರುಡನಿಗೆ ಅಪ್ಪಣೆ ಮಾಡಿದವು. ಇವರು ಹೇಳಿದ್ದನ್ನೆಲ್ಲ ನಾನೇಕೆ ಮಾಡಬೇಕು ಎಂದು ಅವನು ಆಗ ತಾಯಿಯನ್ನು ಕೇಳಿದ. ತಾಯಿ ಪಂತದ ಕಥೆ ಹೇಳಿದಳು. ಅವನು ನೇರವಾಗಿ ಹಾವುಗಳ ಬಳಿಗೆ ಹೋಗಿ ಬಿಡುಗಡೆಗೆ ಏನು ಬೆಲೆ ಎಂದ. ಅಮೃತ ತಂದುಕೊಡು ಎಂದವು ಅವು.

ಅಮೃತಕ್ಕೆ ಹೊರಟ ಗರುಡನ ಪ್ರಯಾಣವನ್ನು ನೀವೇ ಓದಿಕೊಳ್ಳಿ, ಅದರ ಸುಖವನ್ನು ನಾನು ಕೆಡಿಸುವುದಿಲ್ಲ. ಆದರೆ ಎರಡು ಜಾಗದಲ್ಲಿ ನಿಮ್ಮ ಪಕ್ಕ ಕುಳಿತುಕೊಳ್ಳಬೇಕು ಎನಿಸುತ್ತದೆ.

ಒಂದು, ನೋಯಿಸುವ ಜಾಗ. ಹಸಿವಾಗಿದೆ ಎಂದ ಮಗನಿಗೆ ವಿನತೆ, ಸಮುದ್ರದ ನಡುವೆ ನಿಷಾದರ ನೆಲೆಯಿದೆ, ಅವರನ್ನು ತಿನ್ನು, ಬ್ರಾಹ್ಮಣನನ್ನು ಮಾತ್ರ ತಿನ್ನಬೇಡ ಎನ್ನುತ್ತಾಳೆ. ಗರುಡ ಹಾಗೆಯೇ ಮಾಡುತ್ತಾನೆ. ನುಂಗಿದವರ ನಡುವೆ ಒಬ್ಬ ಬ್ರಾಹ್ಮಣ ಸಿಕ್ಕಿ ಗಂಟಲು ಸುಡುತ್ತದೆ. ಹೊರಗೆ ಬಾ ಎಂದರೆ ಅವನು, ನನ್ನ ಹೆಂಡತಿ ನಿಷಾದಳು, ಅವಳೂ ಬರಬೇಕು ಎನ್ನುತ್ತಾನೆ. ಇಬ್ಬರೂ ಹೊರಬರುತ್ತಾರೆ. ಉಳಿದವರು ಬರುವುದಿಲ್ಲ. ದಾಸ್ಯದಿಂದ ಬಿಡುಗಡೆಯ ಕಥೆಯಲ್ಲೇ ಒಂದು ಇಡೀ ಜನಸಮೂಹ ಹೆಸರಿಲ್ಲದೆ ಹಕ್ಕಿಯ ಹಸಿವಿಗೆ ಹೋಗಿಬಿಡುತ್ತದೆ. ಮಕ್ಕಳಿಗೆ ಹೇಳುವಾಗ ಕೆಲವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾನು ಬಿಡುವುದಿಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅವರಿಗೂ ತಾಯಂದಿರು ಇದ್ದರಲ್ಲವಾ ಎಂದು ಕೇಳಿದಳು. ಇದ್ದರು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಹಳೆಯ ಕಥೆಯನ್ನು ಪ್ರೀತಿಸುವುದೆಂದರೆ ಅದು ಯಾರನ್ನು ನುಂಗಿತು ಎಂದು ನೋಡದೆ ಇರುವುದಲ್ಲ.

ಇನ್ನೊಂದು, ಬೆಳಕಿನ ಜಾಗ. ಹಸಿವು ತೀರದೆ ಗರುಡ ತಂದೆಯನ್ನು ಕೇಳುತ್ತಾನೆ. ಆಸ್ತಿಗಾಗಿ ಜಗಳವಾಡಿ, ಪರಸ್ಪರ ಶಪಿಸಿಕೊಂಡು, ಒಬ್ಬ ಆನೆ ಒಬ್ಬ ಆಮೆಯಾಗಿ ಸರೋವರದಲ್ಲಿ ಇನ್ನೂ ಹೊಡೆದಾಡುತ್ತಿರುವ ಅಣ್ಣತಮ್ಮಂದಿರನ್ನು ಕಶ್ಯಪ ತೋರಿಸುತ್ತಾನೆ. ಗರುಡ ಒಂದೊಂದು ಕಾಲಿನಲ್ಲಿ ಒಂದೊಂದನ್ನು ಹಿಡಿದು ಆಲದ ಕೊಂಬೆಯ ಮೇಲೆ ಕೂರುತ್ತಾನೆ. ಕೊಂಬೆ ಮುರಿಯುತ್ತದೆ. ಕೆಳಗೆ ನೋಡಿದರೆ, ಹೆಬ್ಬೆರಳಿನಷ್ಟಿರುವ ವಾಲಖಿಲ್ಯ ಋಷಿಗಳು ಆ ಕೊಂಬೆಗೆ ತಲೆಕೆಳಗಾಗಿ ಜೋತು ತಪಸ್ಸು ಮಾಡುತ್ತಿದ್ದಾರೆ. ಕೊಂಬೆಯನ್ನು ಬಿಟ್ಟರೆ ಅವರು ಸಾಯುತ್ತಾರೆ. ಗರುಡ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ಕಾಲುಗಳಲ್ಲಿ ಆನೆ ಆಮೆಗಳನ್ನು ಹಿಡಿದುಕೊಂಡು, ಇಳಿಯಲು ಜಾಗವಿಲ್ಲದೆ ಆಕಾಶದಲ್ಲಿ ಸುತ್ತುತ್ತಲೇ ಇರುತ್ತಾನೆ. ನನ್ನ ಕಣ್ಣಿಗೆ ಗರುಡನೆಂದರೆ ಈ ಚಿತ್ರ. ದೇವತೆಗಳನ್ನು ಸೋಲಿಸಿದವನಿಗಿಂತ ದೊಡ್ಡವನು, ಹೆಬ್ಬೆರಳಿನಷ್ಟು ಜೀವಕ್ಕಾಗಿ ಬಾಯಿ ಬಿಡದೆ ಹಾರುತ್ತಿರುವ ಈ ಹಕ್ಕಿ. ಕಡೆಗೆ ಕಶ್ಯಪನ ಮಾತಿಗೆ ಋಷಿಗಳು ಇಳಿದು ಹೋದ ಮೇಲೆ, ಜನರಿಲ್ಲದ ಹಿಮದ ಬೆಟ್ಟ ಹುಡುಕಿ ಅವನು ಕೊಂಬೆಯನ್ನು ಬಿಡುತ್ತಾನೆ.

ಅಮೃತಕ್ಕಾಗಿ ದೇವತೆಗಳೊಡನೆ ನಡೆದ ಕಾಳಗ ಬೇಗ ಮುಗಿಯುತ್ತದೆ. 8,100 ಬಾಯಿಗಳಲ್ಲಿ ನದಿಗಳನ್ನು ಕುಡಿದು ತಂದು ಬೆಂಕಿ ಆರಿಸುವುದು, ಮೈ ಕಿರಿದು ಮಾಡಿ ತಿರುಗುವ ಚಕ್ರದ ಅರೆಗಳ ನಡುವೆ ನುಸುಳುವುದು, ಎಲ್ಲ ಇದೆ. ಅಮೃತ ಕೈಗೆ ಸಿಕ್ಕರೂ ಅವನು ಒಂದು ಹನಿ ಕುಡಿಯುವುದಿಲ್ಲ. ಅದನ್ನು ಕಂಡೇ ವಿಷ್ಣು ಮೆಚ್ಚಿದ್ದು. ಗರುಡ ವಿಷ್ಣುವಿನ ವಾಹನವಾಗುವುದೂ ಅವನ ಧ್ವಜದ ಮೇಲೆ ಕೂರುವುದೂ ಇಲ್ಲಿಂದ. ಇಂದ್ರ ವಜ್ರದಿಂದ ಹೊಡೆದಾಗ ಗರುಡನಿಗೆ ನೋವಾಗಲಿಲ್ಲ. ಆದರೂ ಆ ವಜ್ರ ದಧೀಚಿಯ ಎಲುಬಿನದು ಎಂಬ ಗೌರವಕ್ಕೆ ಒಂದು ಗರಿಯನ್ನು ಉದುರಿಸಿದ.

ಆಮೇಲಿನ ಒಪ್ಪಂದವನ್ನು ಗಮನವಿಟ್ಟು ಓದಿ. ಗರುಡ ಅಮೃತವನ್ನು ಹಾವುಗಳ ಮುಂದೆ ದರ್ಭೆಯ ಮೇಲೆ ಇಡುತ್ತಾನೆ, ಸ್ನಾನ ಮಾಡಿ ಬಂದು ಕುಡಿಯಿರಿ ಎನ್ನುತ್ತಾನೆ. ತಂದುಕೊಟ್ಟ ಕ್ಷಣಕ್ಕೆ ವಿನತೆಯ ದಾಸ್ಯ ಮುಗಿಯಿತು. ಹಾವುಗಳು ಸ್ನಾನಕ್ಕೆ ಹೋದಾಗ ಇಂದ್ರ ಕೊಡವನ್ನು ಒಯ್ದ. ಅದು ಮೊದಲೇ ಅವರಿಬ್ಬರು ಮಾಡಿಕೊಂಡಿದ್ದ ಮಾತು. ಮರಳಿ ಬಂದ ಹಾವುಗಳು ಅಮೃತ ಇಟ್ಟಿದ್ದ ದರ್ಭೆಯನ್ನು ನೆಕ್ಕಿದವು. ನಾಲಿಗೆ ಸೀಳಿ ಎರಡಾಯಿತು. ದರ್ಭೆ ಅಂದಿನಿಂದ ಪವಿತ್ರವಾಯಿತು. ಮೋಸದಿಂದ ಬಂದ ದಾಸ್ಯ ಮೋಸದಿಂದಲೇ ಹೋಯಿತು. ಗರುಡ ಆಡಿದ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಆ ಮಾತಿಗೂ ಹಾವಿನ ನಾಲಿಗೆಯಂತೆ ಎರಡು ತುದಿ.

ಈ ಕಥೆ ಸಮುದ್ರವನ್ನೂ ದಾಟಿದೆ. 10ನೆಯ ಶತಮಾನದ ಕೊನೆಗೆ ಜಾವಾದಲ್ಲಿ ಆದಿಪರ್ವವನ್ನು ಹಳೆಯ ಜಾವಾ ಭಾಷೆಯ ಗದ್ಯಕ್ಕೆ ತಂದರು. ಪೂರ್ವ ಜಾವಾದಲ್ಲಿ ಚಂಡಿ ಕಿಡಲ್ ಎಂಬ 13ನೆಯ ಶತಮಾನದ ಗುಡಿಯಿದೆ. ಅದರ ತಳಪಾಯದ ಮೂರು ಕಡೆ ಗರುಡನ ಮೂರು ಕೆತ್ತನೆಗಳು: ಹಾವುಗಳನ್ನು ಹೊತ್ತವನು, ಅಮೃತದ ಕೊಡ ಹೊತ್ತವನು, ತಾಯಿಯನ್ನು ಹೊತ್ತವನು. ಕಾಳಗವಿಲ್ಲ, ಇಂದ್ರನಿಲ್ಲ. ಹೊರೆಗಳು ಮೂರು, ಹೊರುವವನು ಒಬ್ಬ. ಇಡೀ ಕಥೆಯನ್ನು ಮೂರು ಕಲ್ಲಿನಲ್ಲಿ ಹೇಳಿದ ಆ ಶಿಲ್ಪಿಗೆ ಕಥೆ ಚೆನ್ನಾಗಿ ಅರ್ಥವಾಗಿತ್ತು.

ಹೆಚ್ಚಿನವರು ಪುಸ್ತಕ ಮುಚ್ಚುವುದು ಇಲ್ಲಿ. ತಾಯಿ ಬಿಡುಗಡೆಯಾದಳು, ಕಥೆ ಮುಗಿಯಿತು. ದಯವಿಟ್ಟು ಮುಚ್ಚಬೇಡಿ. ವಿನತೆಯ ಮನೆಯ ಶಾಪ ತೀರಿತು, ಕದ್ರುವಿನ ಮನೆಯದು ತೀರಿಲ್ಲ. ಈಗ ಕಥೆ ನಮ್ಮನ್ನು ಹಾವುಗಳ ಕಡೆಗೆ ಕೂರಿಸುತ್ತದೆ. ಇದುವರೆಗೆ ಅವುಗಳ ಮೇಲೆ ಸಿಟ್ಟಾಗಿದ್ದ ನಾವು, ಇನ್ನು ಅವುಗಳಿಗಾಗಿ ಹೆದರಬೇಕು.

ಹಿರಿಯ ಮಗ ಶೇಷ ಮನೆ ಬಿಟ್ಟು ಹೋಗುತ್ತಾನೆ. ಗಂಧಮಾದನ, ಬದರಿ, ಗೋಕರ್ಣ, ಪುಷ್ಕರ, ಹಿಮಾಲಯದ ತಪ್ಪಲು, ಹೀಗೆ ಅಲೆದು ತಪಸ್ಸು ಮಾಡುತ್ತಾನೆ. ಪಟ್ಟಿಯಲ್ಲಿ ಗೋಕರ್ಣ ಬಂದಾಗ ಕರಾವಳಿಯ ಮಕ್ಕಳ ಮುಖ ಅರಳುತ್ತದೆ. ಏನು ಬೇಕು ಎಂದು ಬ್ರಹ್ಮ ಕೇಳಿದರೆ, ನನ್ನ ತಮ್ಮಂದಿರು ವಿನತೆಯನ್ನೂ ಅವಳ ಮಗನನ್ನೂ ದ್ವೇಷಿಸುತ್ತಾರೆ, ಗರುಡನೂ ನಮಗೆ ತಮ್ಮನೇ ಅಲ್ಲವೇ, ಸತ್ತ ಮೇಲೂ ನನಗೆ ಇವರ ಸಹವಾಸ ಬೇಡ ಎಂಬ ಅರ್ಥದ ಮಾತಾಡುತ್ತಾನೆ. ಬ್ರಹ್ಮ ಅವನಿಗೆ ಭೂಮಿಯನ್ನು ಹೊರಲು ಕೊಡುತ್ತಾನೆ, ಗರುಡನನ್ನು ಗೆಳೆಯನನ್ನಾಗಿ ಕೊಡುತ್ತಾನೆ. ಶೇಷನ ಮೇಲೆ ಮಲಗಿ ಗರುಡನ ಮೇಲೆ ಸಂಚರಿಸುವ ವಿಷ್ಣುವಿನ ಚಿತ್ರ ನಮ್ಮ ಮನೆಮನೆಯ ಗೋಡೆಯ ಮೇಲಿದೆ. ಎರಡು ಮನೆಯ ಮಕ್ಕಳು ಒಂದೆಡೆ ಸೇರಿದ ಚಿತ್ರವದು ಎಂದು ನನಗೆ ಹೊಳೆದದ್ದು ಈ ಅಧ್ಯಾಯ ಓದಿದ ಮೇಲೆ.

ಉಳಿದ ತಮ್ಮಂದಿರು ವಾಸುಕಿಯ ಸುತ್ತ ಕೂತು, ಯಾಗವನ್ನು ತಪ್ಪಿಸುವುದು ಹೇಗೆ ಎಂದು ಚರ್ಚಿಸುತ್ತಾರೆ. ಬ್ರಾಹ್ಮಣರ ವೇಷದಲ್ಲಿ ಹೋಗಿ ಯಾಗ ಬೇಡವೆಂದು ಬೇಡಿಕೊಳ್ಳೋಣ, ಮಂತ್ರಿಗಳಾಗಿ ಸೇರಿ ತಪ್ಪು ಸಲಹೆ ಕೊಡೋಣ, ಮೋಡವಾಗಿ ಮಳೆ ಸುರಿದು ಬೆಂಕಿ ಆರಿಸೋಣ, ಹೋಮದ ಸೌಟು ಕದಿಯೋಣ, ಅರಸನನ್ನೇ ಕಚ್ಚೋಣ. ಸಾವಿಗೆ ಹೆದರಿದ ಮಕ್ಕಳ ಮಾತುಗಳು. ಕೊನೆಗೆ ಏಲಾಪತ್ರ ಎಂಬ ನಾಗ, ಅಮ್ಮ ಶಾಪ ಕೊಟ್ಟಾಗ ನಾನು ಅವಳ ತೊಡೆಯ ಮೇಲೆ ಹೆದರಿ ಮಲಗಿದ್ದೆ, ಆಗ ದೇವತೆಗಳು ಆಡಿದ ಮಾತು ನನ್ನ ಕಿವಿಗೆ ಬಿತ್ತು ಎನ್ನುತ್ತಾನೆ. ಜರತ್ಕಾರು ಎಂಬ ಋಷಿಗೆ ಅದೇ ಹೆಸರಿನ ಹೆಣ್ಣಿನಲ್ಲಿ ಹುಟ್ಟುವ ಮಗ ಯಾಗವನ್ನು ನಿಲ್ಲಿಸುತ್ತಾನಂತೆ. ವಾಸುಕಿಯ ತಂಗಿಯ ಹೆಸರು ಜರತ್ಕಾರು.

ಈ ತಂಗಿಯನ್ನು ಓದುಗರು ಬೇಗ ದಾಟಿ ಹೋಗುತ್ತಾರೆ, ನಾನು ನಿಮ್ಮನ್ನು ಅವಳ ಮುಂದೆ ನಿಲ್ಲಿಸಿಯೇ ಮುಗಿಸುತ್ತೇನೆ. ಅಣ್ಣಂದಿರು ಉಳಿಯಲೆಂದು ಅವಳ ಮದುವೆಯಾಯಿತು. ಗಂಡ ಹಾಕಿದ ಷರತ್ತು, ನನಗೆ ಹಿಡಿಸದ್ದನ್ನು ಮಾಡಿದರೆ ಬಿಟ್ಟು ಹೋಗುತ್ತೇನೆ ಎಂಬುದು. ಒಂದು ಸಂಜೆ ಅವನು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಾನೆ, ಹೊತ್ತು ಮುಳುಗುತ್ತಿದೆ. ಎಬ್ಬಿಸಿದರೆ ಸಿಟ್ಟು, ಎಬ್ಬಿಸದಿದ್ದರೆ ಸಂಧ್ಯಾವಂದನೆ ತಪ್ಪಿ ಅಧರ್ಮ. ಅವಳು ಮೆಲ್ಲಗೆ ಎಬ್ಬಿಸಿದಳು. ನಾನು ಮಲಗಿರುವಾಗ ಮುಳುಗುವ ಧೈರ್ಯ ಸೂರ್ಯನಿಗಿಲ್ಲ, ನೀನು ನನ್ನನ್ನು ಅವಮಾನಿಸಿದೆ ಎಂದು ಅವನು ಹೊರಟುಬಿಟ್ಟ. ಹೋಗುವ ಮುನ್ನ ಅವಳ ಗರ್ಭದ ಕುರಿತು ಹೇಳಿದ ಮಾತು ಅಸ್ತಿ, ಅಂದರೆ ಇದೆ. ಮಗನ ಹೆಸರು ಆಸ್ತೀಕ ಎಂದಾದದ್ದು ಅದರಿಂದ.

ವರ್ಷಗಳು ಉರುಳಿ ಯಾಗ ಶುರುವಾಗುತ್ತದೆ. ಕಪ್ಪು ಬಟ್ಟೆ ಉಟ್ಟ ಋತ್ವಿಜರು, ಹೊಗೆಗೆ ಕೆಂಪಾದ ಕಣ್ಣುಗಳು, ಹೆಸರು ಕೂಗಿದಂತೆಲ್ಲ ಆಕಾಶದಿಂದ ಬೆಂಕಿಗೆ ಬೀಳುವ ಹಾವುಗಳು. ವಾಸುಕಿಗೆ ತಲೆ ತಿರುಗುತ್ತದೆ, ತಂಗಿಯ ಬಳಿ ಬಂದು ಹೊತ್ತು ಬಂತು ಎನ್ನುತ್ತಾನೆ. ಅವಳು ಮಗನನ್ನು ಕೂರಿಸಿಕೊಂಡು ಅವನಿಗೆ ಒಂದು ಕಥೆ ಹೇಳುತ್ತಾಳೆ. ಹಾವುಗಳೆಲ್ಲರ ತಾಯಿ ಕದ್ರು ಎಂಬವಳು ಇದ್ದಳು, ವಿನತೆಯ ಜೊತೆ ಒಂದು ಪಂತವಾಯಿತು, ಕುದುರೆಯ ವಿಷಯಕ್ಕೆ. ನಾವು ಸೌತಿಯ ಬಾಯಲ್ಲಿ ಕೇಳಿದ ಅದೇ ಕಥೆ ಈಗ ಆ ಮನೆಯ ಹೆಣ್ಣುಮಗಳ ಬಾಯಲ್ಲಿ, ತನ್ನ ಮಗನಿಗೆ. ಆಸ್ತೀಕ ಹೋಗುತ್ತಾನೆ, ಅರಸನನ್ನು ಹೊಗಳುತ್ತಾನೆ, ವರ ಪಡೆಯುತ್ತಾನೆ. ಬೆಂಕಿಗೆ ಬೀಳುತ್ತಿದ್ದ ತಕ್ಷಕ, ನಿಲ್ಲು ಎಂಬ ಅವನ ಮಾತಿಗೆ ನಡು ಆಕಾಶದಲ್ಲಿ ನಿಂತುಬಿಡುತ್ತಾನೆ. ಯಾಗ ನಿಲ್ಲುತ್ತದೆ.

ನಮ್ಮ ನಾಡಿನಲ್ಲಿ ಈ ಎರಡು ಮನೆಗಳೂ ಇನ್ನೂ ಅಕ್ಕಪಕ್ಕದಲ್ಲೇ ಇವೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ವಾಸುಕಿ ಗರುಡನಿಗೆ ಹೆದರಿ ಆಶ್ರಯ ಪಡೆದ ಎಂಬ ಸ್ಥಳಪುರಾಣವಿದೆ. ಗರ್ಭಗುಡಿಯ ಎದುರಿಗೇ ಗರುಡಗಂಬ ನಿಂತಿದೆ. ಶ್ರಾವಣ ಶುದ್ಧ ಪಂಚಮಿ ನಾಗರ ಪಂಚಮಿ, ಪಂಚಾಂಗದಲ್ಲಿ ಅದೇ ದಿನಕ್ಕೆ ಗರುಡ ಪಂಚಮಿ ಎಂದೂ ಹೆಸರು. ಆಸ್ತೀಕ ಯಾಗ ನಿಲ್ಲಿಸಿದ ದಿನ ಅದು ಎಂಬ ನಂಬಿಕೆ. ಬಡಗಣ ಸೀಮೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುತ್ತಾರೆ. ನಮ್ಮ ಕಡೆ ಆ ದಿನ ಹುತ್ತಕ್ಕೆ ತನಿ ಎರೆದು ಬಂದ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಹಾಲು ಹಚ್ಚುತ್ತಾರೆ. ಯಾಕೆ ಎಂದು ಕೇಳಿದರೆ ಮನೆಗೊಂದು ಕಾರಣ ಹೇಳುತ್ತಾರೆ. ಆದಿಪರ್ವ ಓದಿಕೊಂಡ ಮೇಲೆ ಆ ಹಾಲಿನ ಕೈಯನ್ನು ನೋಡಿದಾಗಲೆಲ್ಲ ನನಗೆ ವಾಸುಕಿಯ ತಂಗಿ ಕಾಣಿಸುತ್ತಾಳೆ. ಹೊರಗೆ ಹೊಗೆ ಏಳುತ್ತಿದೆ, ಅಣ್ಣ ಬಾಗಿಲಲ್ಲಿ ನಡುಗುತ್ತ ನಿಂತಿದ್ದಾನೆ, ಅವಳು ಮಗನಿಗೆ ಕುದುರೆಯ ಬಾಲದ ಕಥೆ ಶುರುಮಾಡಿದ್ದಾಳೆ.